ಮೂರು ಸ್ವಿಚ್ಚಿನ ಒಂದು ದೀಪ

ಕಳೆದ ಶುಕ್ರವಾರ ಹೊತ್ತು ಮುಳುಗುವಾಗ ನಾನು ಕಡಯಂಪಟ್ಟಿಯಲ್ಲಿ, ಅಕ್ಕನ ಮನೆಯ ಮೆಟ್ಟಿಲು ತಿರುಗುವ ಕಡೆ, ಮರದ ಸ್ಟೂಲನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದೆ. ಸ್ಟೂಲಿನ ಮೇಲೆ ಭಾವ. (ಇಷ್ಟು ಬಿಡಿಸಿ ಹೇಳುವುದೇಕೆಂದರೆ, ಆಮೇಲಿನದನ್ನು ಊರಲ್ಲಿ ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಿದ್ದಾರೆ.)

ಆ ಮೆಟ್ಟಿಲಿನ ಲೈಟಿಗೆ ಮೂರು ಸ್ವಿಚ್ಚು. ಕೆಳಗೊಂದು, ನಡುವೆ ಒಂದು, ಮಾಳಿಗೆಯಲ್ಲಿ ಒಂದು. ಎಲ್ಲಿ ಒತ್ತಿದರೂ ಹತ್ತುತ್ತದೆ, ಎಲ್ಲಿ ಒತ್ತಿದರೂ ಆರುತ್ತದೆ. ಭಾವ ಹಟ ಹಿಡಿದು ಹಾಕಿಸಿದ್ದು. ಬಂದವರಿಗೆಲ್ಲ ಒತ್ತಿ ತೋರಿಸುತ್ತಾರೆ.

ಅವತ್ತು ಹೋಲ್ಡರ್ ಸಡಿಲವಾಗಿ ಬಲ್ಬು ಮಿಣುಕುತ್ತಿತ್ತು. ಭಾವ ನಡುವಿನ ಸ್ವಿಚ್ಚು ಒತ್ತಿದರು. ದೀಪ ಆರಿತು. ಬಲ್ಬು ಬಿಚ್ಚಿ ಜೇಬಿಗಿಳಿಸಿದರು.

"ಮೈನ್ ಆಫ್ ಮಾಡ್ಲಾ ಭಾವ?" ಎಂದೆ.

"ಸುಮ್ಕಿರು ಮಚ್ಚಾ. ಮೋಟಾರ್ ಓಡ್ತಾ ಐತೆ, ಟ್ಯಾಂಕು ತುಂಬ್ಲಿ. ಸ್ವಿಚ್ ಆಫ್ ಐತಲ್ಲ, ಇನ್ನೇನು?"

ಆಫ್ ಇದ್ದದ್ದು ನಿಜ.

ನಾನಿದ್ದಲ್ಲಿಂದ ಕೆಳಗೆ ಅಕ್ಕ ಕಾಣುತ್ತಿದ್ದಳು. ನಮ್ಮ ಕಡೆ ಸಂಜೆ ದೇವರ ಮುಂದೆ ದೀಪ ಹಚ್ಚಿ, ಆಮೇಲೆ ಕರೆಂಟಿನ ಲೈಟು ಹಾಕಿ, ಅದಕ್ಕೂ ಕೈಮುಗಿಯುತ್ತಾರೆ. ಅಕ್ಕ ದಿನದಂತೆ ಕೆಳಗಿನ ಸ್ವಿಚ್ಚು ಒತ್ತಿದಳು. ಕಣ್ಣು ಮುಚ್ಚಿ ಕೈಮುಗಿದಳು.

ಸ್ಟೂಲು ನಡುಗಿತು. ಭಾವನ ಬಲಗೈ ಹೋಲ್ಡರಿನಲ್ಲಿ, ಎಡಗೈ ಮೆಟ್ಟಿಲ ಪಕ್ಕದ ಕಬ್ಬಿಣದ ಕಂಬಿಯ ಮೇಲೆ. ಎರಡನ್ನೂ ಬಿಡಲಾಗುತ್ತಿಲ್ಲ. ಬಾಯಿ ತೆರೆದಿದೆ, ಸದ್ದಿಲ್ಲ.

"ಅಕ್ಕಾ!" ಎಂದು ಕಿರುಚಿದೆ. ಕೈಮುಗಿದು ನಿಂತಾಗ ಅವಳು ಯಾರಿಗೂ ಓಗೊಡುವುದಿಲ್ಲ. ಸ್ಟೂಲು ಒದೆಯಬೇಕೆ? ಒದ್ದರೆ ಆ ಕೈ ಬಿಟ್ಟೀತೆ?

ಅಕ್ಕ ಕಣ್ಣು ಬಿಟ್ಟಳು. "ಎದಕ್ಲಾ ಅಂಗೆ ಕೂಗ್ತೀಯ? ಈ ಆಳಾದ್ ಲೈಟೂ ಬರ್ನಿಲ್ಲ" ಎಂದು ರೇಗಿ, ಸ್ವಿಚ್ಚನ್ನು ಮತ್ತೊಮ್ಮೆ ಒತ್ತಿದಳು.

ಭಾವ ನನ್ನ ಮೇಲೆ ಬಿದ್ದರು. ಉಸಿರಿತ್ತು.

ಓಮಲೂರಿನ ಆಸ್ಪತ್ರೆಗೆ ಹೋಗಿ ಕೈಗೆ ಪಟ್ಟಿ ಕಟ್ಟಿಸಿಕೊಂಡು ಬಂದೆವು. ಅಕ್ಕ ಆಗ ಬಾಯಿ ಬಿಟ್ಟಳು. "ಬಲ್ಬು ಬಿಚ್ತೀನಿ ಅಂತ ಒಂದ್ ಮಾತು ಏಳಕ್ಕೆ ಏನಾಗಿತ್ತು ನಿಮ್ಗೆ?"

"ಏಳಿದ್ರೆ ಕೈ ಮುಗೀದೆ ಬಿಡ್ತಿದ್ಯಾ?" ಭಾವ ನಗಲು ನೋಡಿದರು.

ಅಕ್ಕ ನಗಲಿಲ್ಲ. ಸ್ವಿಚ್ಚು ಒತ್ತಿದ ತನ್ನ ಬೆರಳನ್ನೇ ನೋಡುತ್ತ ಕೂತಳು.

ಅವಳದೇನು ತಪ್ಪು? ಇಂಥ ಸ್ವಿಚ್ಚಿಗೆ ಆನ್ ಕಡೆ, ಆಫ್ ಕಡೆ ಎಂಬುದೇ ಇಲ್ಲ. ಒಬ್ಬರು ಆರಿಸಿದ್ದನ್ನು ಇನ್ನೊಬ್ಬರು ಇನ್ನೊಂದು ಕಡೆಯಿಂದ ಹತ್ತಿಸಲೆಂದೇ ಅಲ್ಲವೆ ನಾವು ಕೇಳಿ ಕೇಳಿ ಹಾಕಿಸುವುದು? ಹತ್ತಿ ಇಳಿಯುವವರಿಗೆ ಅದು ಅನುಕೂಲವೇ. ಆದರೆ ಹೋಲ್ಡರಿಗೆ ಕೈ ಹಾಕುವವನಿಗೆ ಅಲ್ಲಿ ಯಾರ ಆಫೂ ಆಫಲ್ಲ. ಅವನಿಗೆ ಮೈನ್ ಒಂದೇ ಗತಿ.

ಇದನ್ನು ಕಂಡವರು ಮೂವರು: ನಾನು, ಅಕ್ಕ ಸರೋಜಮ್ಮ, ಭಾವ ಮಾದಪ್ಪ. ಮೂವರೂ ಇದ್ದೇವೆ.

ಲೈಟು ಬರಲಿಲ್ಲವೆಂದು ಅಕ್ಕ ರೇಗದೆ ಸುಮ್ಮನೆ ಒಳಗೆ ಹೋಗಿದ್ದರೆ?