ಕೆರಿಗೆ ಕುಂಟಿ ಹೊಡೆದ ಹುಸೇನಸಾಬ

ತಾ ಸಾಕಿದ ಮೀನಿಗೆ ತಾನ ವಿಷ ಹಾಕಿದಾ ಅಂತ ಹುಸೇನಸಾಬನ ಬಗ್ಗೆ ಅನ್ನಾವ್ರು ಇವತ್ತಿಗೂ ಈ ಊರಾಗ ಅದಾರ. ಅಂಥಾವ್ರ ಬಾಯಾಗ ಮಣ್ಣ ಬೀಳ್ಲಿ. ನಾನು ಗುತ್ತೆವ್ವ. ದುಂಡಸಿ ಕಡೆ ನಮ್ಮೂರ ಕೆರಿ ದಂಡಿಮ್ಯಾಲ ದಿನಾ ಬಟ್ಟಿ ಒಗಿಯಾಕಿ. ಕಣ್ಣಾರೆ ಕಂಡಿದ್ದನ್ನ ಹೇಳತೇನಿ.

ಅಂವ ಒಕ್ಕಲುತನದ ಮನಿಯಾಗ ಹುಟ್ಟಿದಾಂವ. ಅಣ್ತಮ್ಮರಾಗ ಪಾಲಾಗಿ ಹೊಲ ತುಂಡ ಆತು, ಆಗ ಮೀನ ಸಾಕಾಕ ಪಂಚಾಯ್ತಿ ಕೆರಿ ಗುತ್ತಿಗಿ ಹಿಡದ. ಬೆಳಕ ಹರಿಯೂದ್ರಾಗ ತೌಡು, ಹಿಂಡಿ ತಂದು ನೀರಿಗೆ ಅಂಗೈ ಬಡೀತಿದ್ದ, ಮೀನ ಗುಂಪಗಟ್ಟಿ ಬರ್ತಿದ್ವು. ವಾರಕ್ಕೊಮ್ಮಿ ಸಗಣಿನೂ ಹಾಕ್ತಿದ್ದ, ಮೀನಿಗೆ ಮೇವು ಹುಟ್ಟಲಿ ಅಂತ. ಅಂವನ ಹೇಣ್ತಿ ಬಿಬಿಜಾನ, ನಿನಗ ಮನಿ ಮಕ್ಕಳಿಗಿಂತ ಮೀನಾನ ಹೆಚ್ಚಾದ್ವು ಅಂತ ಬೈತಿದ್ಲು. ಪಂಚಾಯ್ತಿಯವ್ರು ಒಂದ ಮಾತು ಹೇಳಿಬಿಟ್ಟಿದ್ರು: ಈ ಸಲ ಮೀನ ಕೈಗೆ ಬಂದ್ರ ಕೆರಿ ನಿನ್ನ ಕಡೇನ, ಇಲ್ಲಾಂದ್ರ ಬ್ಯಾರೆಯವ್ರಿಗೆ.

ಬ್ಯಾಸಗಿ ಬಂತು. ನೀರು ಇಳೀತು. ಕೆರಿ ತುಂಬ ಹಬ್ಬಿದ್ದ ಅಂತರಗಂಗಿ ಸತ್ತು ತಳಕ್ಕ ಕುಂತು ಕೊಳೀತು. ಕಾಲಿಟ್ರ ಕರೀ ಕೆಸರು, ಕೊಳತ ತತ್ತಿ ವಾಸನಿ. ನನ್ನ ಬೆಳ್ಳಿ ಕಾಲುಂಗುರ ಕರ್ರಗಾದ್ವು, ಪತ್ತಾರ ಖೊಟ್ಟಿ ಬೆಳ್ಳಿ ಕೊಟ್ಟಾನಂತ ಅಂವನ ಮನಿತನಾ ಎಲ್ಲಾ ಬೈದೆ. ದಂಡಿ ಕಡೆ ಕೆಸರಿನ ಮ್ಯಾಲ ಹಾಲಿನ ಕೆನಿಯಂಗ ಬಿಳೀ ಪೊರಿ ಕಟ್ಟಿತ್ತು. ಅದು ಏನಂತ ಯಾರಿಗೆ ಗೊತ್ತು?

ಒಂದಿನಾ ಮುಂಜಾನೆ ಮೀನೆಲ್ಲಾ ಮ್ಯಾಲ ಬಂದು ಬಾಯಿ ಬಿಡಾಕತ್ತಿದ್ವು. ಹುಸೇನಸಾಬ ಮೀನುಗಾರಿಕಿ ಆಫೀಸಿನ ಜಗದೀಶಗ ಫೋನ್ ಹಚ್ಚಿದ. ಅಂವ ಮೀಟಿಂಗಿನಾಗ ಇದ್ದ. ಹೊಸ ನೀರು ಬಿಡ್ರಿ, ಸೋಮವಾರ ಬರ್ತೇನಿ ಅಂತ ಫೋನ್ ಇಟ್ಟುಬಿಟ್ಟ. ಹೊಸ ನೀರು ಎಲ್ಲಿಂದ ತರೂದು, ಇವನ ಅಜ್ಜನ ಮನಿಯಿಂದ? ಬೋರು ಬರೇ ಗಾಳಿ ಉಗಳತಿತ್ತು. ಮುಗಲಾಗ ಒಂದ ಮೋಡ ಇಲ್ಲ.

ಬೆಳಿ ಹಳದಿ ಆಗಿ ನೆಲ ಬಿಗದ್ರ ನಾವು ಎತ್ತಿನ ಕುಂಟಿ ಹೊಡದು ಮ್ಯಾಲಿನ ಮಣ್ಣ ಸಡ್ಲ ಮಾಡ್ತೇವಿ, ಮಣ್ಣಿಗೆ ಉಸಿರು ಬರ್ತೈತಿ. ಅಂವಗ ಗೊತ್ತಿದ್ದದ್ದೂ ಅದ. ಎತ್ತು ಹೂಡಿ, ಕುಂಟಿ ಮ್ಯಾಲ ಕಲ್ಲ ಹೇರಿ, ಸೊಂಟಮಟ ನೀರಾಗ ಇಳದ. ಇಡೀ ಕೆರಿ ತಳ ಹರಗಿದ. ಹೊಲಕ್ಕ ಆಗೂ ಔಷಧ ಕೆರಿಗೂ ಆಗ್ತೈತಿ ಅಂತ ಊರೆಲ್ಲಾ ದಂಡಿಮ್ಯಾಲ ನಿಂತು ನೋಡ್ತು. ಒಬ್ರೂ ಬ್ಯಾಡ ಅನ್ನಲಿಲ್ಲ.

ನೀರು ಮಸಿಯಂಗ ಆತು. ಆ ನಾತಕ್ಕ ನಾವು ಮೂಗಿಗೆ ಸೆರಗ ಹಿಡದು ಓಡಿದ್ವಿ. ಮಧ್ಯಾಹ್ನದ ಹೊತ್ತಿಗೆ ಕೆರಿ ತುಂಬ ಮೀನಿನ ಬಿಳೀ ಹೊಟ್ಟಿ. ಹುಸೇನಸಾಬ ಒಂದೊಂದ ಎತ್ತಿ ನೀರಾಗ ಅಲ್ಲಾಡಿಸಿ, ಮತ್ತ ಬಿಡ್ತಿದ್ದ. ಬಿಬಿಜಾನ ಅಂವನ ತೋಳ ಹಿಡದು ಎಳಕೊಂಡು ಬಂದ್ಲು.

ಸೋಮವಾರ ಜಗದೀಶ ಬಂದು ತಿಳಿಸಿ ಹೇಳಿದ. ಕರೀ ಕೆಸರಿನಾಗ ಕಣ್ಣಿಗೆ ಕಾಣದ ಜೀವ ಅದಾವಂತ, ಗಾಳಿ ಬೇಕಾಗಿಲ್ಲ ಅವಕ್ಕ. ಕೊಳತದ್ದನ್ನ ತಿಂತಾವ. ಹೊಲದ ಗೊಬ್ಬರದ ಜತಿ ಹರಕೊಂಡು ಬರೂ ಗಂಧಕದ ಉಪ್ಪ ಅವಕ್ಕ ಉಸಿರು, ಅದನ್ನ ಎಳಕೊಂಡು ಆ ನಾತದ ಗಾಳಿ ಬಿಡ್ತಾವ. ಮೀನಿಗೆ ಅದ ವಿಷ, ನನ್ನ ಕಾಲುಂಗುರ ಕರ್ರಗ ಮಾಡಿದ್ದೂ ಅದ. ಬಿಳೀ ಪೊರಿ ಇತ್ತಲ್ಲಾ, ಅದೂ ಇನ್ನೊಂದ ನಮೂನಿ ಜೀವ. ಆ ವಿಷಾನ ತಿಂದು, ಮ್ಯಾಲ ಏಳದಂಗ ತಡದಿಟ್ಟಿತ್ತು. ಕುಂಟಿ ಅದನ್ನ ಹರದು, ತಳದಾಗಿನ ವಿಷ ಎಲ್ಲಾ ನೀರಿಗೆ ಕಲಸಿಬಿಡ್ತು.

"ಹಂಗಾರ ನಾ ಸುಮ್ನ ಕುಂತಿದ್ರ?" ಅಂತ ಹುಸೇನಸಾಬ ಕೇಳಿದ.

"ಅರ್ಧಾ ಆದ್ರೂ ಉಳೀತಿದ್ವೋ ಏನೋ."

"ಬಾಯಿ ಬಿಡಾಕತ್ತಿದ್ವು ಸಾಹೇಬ್ರ. ನೋಡಕೋಂತ ಹೆಂಗ ಕುಂದರಲಿ?"

ಜಗದೀಶ ಬೈಕ್ ಚಾವಿ ತಿರುವಿಕೋಂತ ನಿಂತ. ನನಗ ಸಿಟ್ಟು ಬಂತು, ಆದ್ರ ಯಾರ ಮ್ಯಾಲ ತಗೀಲಿ? ಕಣ್ಣಿಗೆ ಕಾಣೂ ವೈರಿ ಆಗಿದ್ರ ಒಂದ ಜಗಳಾ ಆದ್ರೂ ಮಾಡಬಹುದಿತ್ತು.

ಮೀನ ಕೈಗೆ ಬರಲಿಲ್ಲಂತ ಪಂಚಾಯ್ತಿಯವ್ರು ಕೆರಿ ನಮ್ಮೂರ ಉಳಿವೆಪ್ಪಗ ಕೊಟ್ರು. ಮುಂದಿನ ಬ್ಯಾಸಗಿಗೆ ಅವನ ಮೀನೂ ಮ್ಯಾಲ ಬಂದು ಬಾಯಿ ಬಿಟ್ವು. ಎತ್ತು ಹೂಡಾಕತ್ತಾರಂತ ಕೇಳಿ ಹುಸೇನಸಾಬ ಚಪ್ಪಲಿಲ್ಲದ ಓಡಿಬಂದ. ಕೆಸರ ಮುಟ್ಟಬ್ಯಾಡ್ರಿ, ದಂಡಿಗುಂಟ ನಿಂತು ಮ್ಯಾಲಿನ ನೀರಷ್ಟ ಬಡೀರಿ, ನೀರಿಗೆ ಗಾಳಿ ಕೂಡ್ತೈತಿ ಅಂತ ಕೈ ಮುಗದ. ಜಗದೀಶಗ ಫೋನ್ ಹಚ್ಚಿದ್ರ ಹತ್ತಲಿಲ್ಲ. ಎತ್ತಿನ ಮುಂದನ ಹೋಗಿ ನಿಂತ.

"ನೀ ಕುಂಟಿ ಹೊಡ್ಯಾಕ ತಡಾ ಮಾಡಿದ್ಯೋ ಸಾಬಾ, ಅದಕ್ಕ ಸತ್ವು," ಅಂದ ಉಳಿವೆಪ್ಪ, ಅಂವನ ಹೆಗಲ ಹಿಡದು ಬಾಜೂಕ ಸರಿಸಿ. "ನೀ ಕುಂಟಿ ಹೊಡದದ್ದನ್ನ ಊರ ನೋಡೈತಿ. ನಾ ತಡಾ ಮಾಡದ ಈಗ್ಲೇ ಹೊಡೀತೇನಿ."

ಕೆರಿ ಅಂವಂದು, ಮೀನ ಅಂವನವು. ಹುಸೇನಸಾಬ, ನಾನು ಇಬ್ರೂ ದಂಡಿಮ್ಯಾಲ ನಿಂತು ಎತ್ತು ನೀರಿಗೆ ಇಳಿಯೂದನ್ನ ನೋಡಿದ್ವಿ.