ಹತ್ತು ಸಲ ಮುಳುಗಿದ ಹಡಗು

ಕೊಲ್ಲಿ ದೇಶದ ಸೂರ್ ಪಟ್ಟಣದ ಬಳಿಯ ನಮ್ಮ ವರ್ಕ್‌ಶಾಪಿಗೆ ವಾರಕ್ಕೊಮ್ಮೆ ಹೋಗುವ ಬಸ್ಸಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಹಿರಿಯ ಫೋರ್‌ಮನ್, ತಮ್ಮ ಇಯರ್‌ಫೋನಿನ ಒಂದು ಎಳೆಯನ್ನು ನನ್ನ ಕಿವಿಗೆ ಕೊಡುತ್ತಿದ್ದರು. ಅವರು ಮಂಗಳೂರಿನ ಚರ್ಚಿನಲ್ಲಿ ಪಿಟೀಲು ನುಡಿಸಿ ಬೆಳೆದವರು. ಕೇಳಿಸುತ್ತಿದ್ದುದು ಯಾವಾಗಲೂ ಒಂದೇ, ಹತ್ತೊಂಬತ್ತನೆಯ ಶತಮಾನದ ಯುರೋಪಿನ ಒಂದು ವಾದ್ಯವೃಂದದ ಕೃತಿ. ಅದರಲ್ಲಿ ಮಾತಿಲ್ಲ, ಹಾಯಿಹಡಗಿನ ಕಥೆಯನ್ನು ಅವರೇ ಹೇಳುತ್ತಿದ್ದರು.

"ಕೇಳು ಮಾರಾಯ, ಈಗ ಗಾಳಿ ಬರ್ತದೆ," ಎಂದು ಮುಂದಿನ ಸೀಟಿನ ಮೇಲೆ ಬೆರಳಾಡಿಸುವರು. ದಪ್ಪ ದನಿಯ ತಂತಿವಾದ್ಯ ಚೆಲ್ಲೋಗಳು ಕಡಲು. ಶಹನಾಯಿಯಂಥ ಓಬೋ ದಡದಲ್ಲಿ ಕಾಯುವ ಹೆಂಡತಿ. ಕೊನೆಗೆ ಸಂಗೀತ ಮೆಲ್ಲಗೆ ಆರುವಾಗ ಹಡಗು ಮುಳುಗುತ್ತಿತ್ತು.

ನಾನು ಡೈರಿಯಲ್ಲಿ ಲೆಕ್ಕವಿಟ್ಟಿದ್ದೆ. ಹನ್ನೊಂದು ಪ್ರಯಾಣಗಳಲ್ಲಿ ಹತ್ತು ಸಲ ಮುಳುಗಿತ್ತು. ದಡ ಮುಟ್ಟಿದ್ದು ಒಮ್ಮೆ ಮಾತ್ರ, ಊರಿನಲ್ಲಿ ನನ್ನ ಅಮ್ಮನಿಗೆ ಆಪರೇಷನ್ ಇದ್ದ ದಿನ.

"ಅವತ್ತು ಯಾಕೆ ಮುಳುಗಲಿಲ್ಲ ಸರ್?" ಎಂದು ಕೇಳಿದ್ದೆ.

"ನೀನೆಂಥ ಆಡಿಟರಾ? ಸುಮ್ಮನೆ ಕೇಳು."

ಹನ್ನೆರಡನೆಯದು ಅವರ ಕೊನೆಯ ಪ್ರಯಾಣ. ಕಂಪನಿ ಅವರ ವೀಸಾ ಮುಂದುವರಿಸಿರಲಿಲ್ಲ. ಊರಿನಲ್ಲಿ ಅವರಿಗೆ ಕೆಲಸವಿರಲಿಲ್ಲ, ಮಗಳ ಓದು ಇನ್ನೂ ಮುಗಿದಿರಲಿಲ್ಲ. ಅಂದೂ ನನ್ನ ಕಿವಿಗೆ ಎಳೆ ಕೊಟ್ಟರು, ಆದರೆ ಕಥೆ ಹೇಳಲಿಲ್ಲ. ಸಂಗೀತ ಆರತೊಡಗಿದಾಗ ಅವರ ಬೆರಳುಗಳು ಸೀಟಿನ ಮೇಲೆ ನಿಂತುಬಿಟ್ಟವು.

"ಕೇಳಿ ಸರ್," ಎಂದೆ, "ಈಗ ದಡ ಬರ್ತದೆ. ಆ ಹೆಂಗಸು ಮೊಣಕಾಲು ನೀರಿಗೆ ಇಳಿದು ನಿಂತಿದ್ದಾಳೆ."

ಕಿಟಕಿಯಾಚೆ ನೋಡುತ್ತಲೇ ಅವರು ಬೆರಳನ್ನು ಮತ್ತೆ ಸೀಟಿನ ಮೇಲೆ ಆಡಿಸಿದರು. ಆಮೇಲೆ ಅಂದರು:

"ಹಾಗಾದರೆ ಹಗ್ಗ ಎಸೀಲಿಕ್ಕೆ ಅವಳಿಗೆ ಹೇಳು ಮಾರಾಯ."