ಸಿಹಿನೀರಿಗೆ ಎಷ್ಟು ಅಡಿ

ಒಬ್ಬಳೇ ಎಲ್ಲಾದರೂ ಹೋಗಿ ಮೂರು ದಿನ ಯಾರ ಜೊತೆಗೂ ಮಾತಾಡದೆ ಇರಬೇಕೆಂದು ಬಹಳ ಯೋಚಿಸಿ ಆರಿಸಿದ ಜಾಗ ಅದು. ಅಂಕೋಲೆಯ ಆಚೆ, ಸಮುದ್ರದೊಳಕ್ಕೆ ಚಾಚಿಕೊಂಡ ಭೂಶಿರ. ಬೆನ್ನಿಗೆ ಕಾಡು ತುಂಬಿದ ಬೆಟ್ಟ, ಉಳಿದ ಮೂರು ಕಡೆ ಸಮುದ್ರ, ಎದುರಿಗೆ ಎರಡು ದ್ವೀಪ. ರಸ್ತೆ ಇಲ್ಲ, ದೋಣಿಯಲ್ಲಿ ಹೋಗಬೇಕು, ಇಲ್ಲವೇ ಬೆಟ್ಟ ಹತ್ತಿ ಇಳಿಯಬೇಕು. ಅಂಗಳದ ಒಂದು ಮೂಲೆ ಬಿಟ್ಟರೆ ಎಲ್ಲೂ ಸಿಗ್ನಲ್ ಸಿಗುವುದಿಲ್ಲವೆಂದು ಹೋಂಸ್ಟೇ ನಡೆಸುವ ಹೆಂಗಸು ಫೋನಿನಲ್ಲಿ ಕ್ಷಮೆ ಕೇಳಿದಾಗ ನಾನು ಮನಸ್ಸಿನಲ್ಲೇ ಅವರಿಗೆ ಕೈ ಮುಗಿದಿದ್ದೆ.

ಇದನ್ನು ಶಿಡ್ಲಘಟ್ಟದ ನಮ್ಮ ಮನೆಯಲ್ಲಿ ಬಾಯಿಬಿಟ್ಟ ತಪ್ಪಿಗೆ, ನನ್ನ ಏಕಾಂತವನ್ನು ಕಾಯಲು ಅಮ್ಮ ಮತ್ತು ದೊಡ್ಡಪ್ಪ ಜೊತೆಗೆ ಹೊರಟರು.

"ಹೆಣ್ಣುಹುಡುಗಿ ಒಬ್ಬಳೇ ಸಮುದ್ರದ ಮೂಲೆಗೆ ಹೋಗ್ತಾಳಂತೆ! ನೋಡ್ದೋರು ಏನಂತಾರೆ?" ಅಂದರು ಅಮ್ಮ.

"ಅಲ್ಲಿ ನೋಡೋರೇ ಇರಲ್ಲಮ್ಮ."

"ಅದಕ್ಕೇ ಕಣೇ ಭಯ."

ದೊಡ್ಡಪ್ಪ ಸಾದಲಿ ಕಡೆ ಹೆಸರಾದ ನೀರು ನೋಡುವವರು. ಜುಟ್ಟಿರುವ ತೆಂಗಿನಕಾಯಿಯನ್ನು ಅಂಗೈ ಮೇಲೆ ಮಲಗಿಸಿಕೊಂಡು ಹೊಲದಲ್ಲಿ ಬರಿಗಾಲಲ್ಲಿ ನಡೆಯುತ್ತಾರೆ. ಕಾಯಿ ಎದ್ದು ನಿಂತ ಕಡೆ ಬೋರ್ ಕೊರೆಸಬೇಕು. ನೀರು ಬಂದರೆ ಕಾಯಿಯ ಮಹಿಮೆ. ಬರದಿದ್ದರೆ, "ಇನ್ನೂ ನೂರಡಿ ಹೋಗ್ಬೇಕಾಗಿತ್ತು, ನೀವೇ ಅವಸರ ಬಿದ್ರಿ." ಈ ಮಾತು ಸುಳ್ಳೆಂದು ಇದುವರೆಗೆ ಯಾರೂ ಸಾಧಿಸಿಲ್ಲ. ನಮ್ಮ ಸೀಮೆಯಲ್ಲಿ ಎಷ್ಟು ಕೊರೆದರೂ ಇನ್ನೊಂದು ನೂರಡಿ ಉಳಿದೇ ಇರುತ್ತದೆ.

ದೋಣಿಯಲ್ಲಿ ನಮ್ಮ ಜೊತೆ ಕುಡಿಯುವ ನೀರಿನ ಕ್ಯಾನುಗಳೂ ಬಂದವು. ಸುತ್ತ ನೀರಿರುವ ಜಾಗಕ್ಕೂ ನೀರು ಹೊರಗಿನಿಂದ ಬರುತ್ತದೆಂದು ತಿಳಿದು ದೊಡ್ಡಪ್ಪನಿಗೆ ಎಷ್ಟೋ ಸಮಾಧಾನವಾದಂತೆ ಕಂಡಿತು.

ಮಧ್ಯಾಹ್ನ ಊಟಕ್ಕೆ ಬಡಿಸುತ್ತಾ ಮನೆಯ ಹೆಂಗಸು ಹೇಳಿದರು. "ಮಳೆಗಾಲದಲ್ಲಿ ಸಮುದ್ರ ಉಕ್ಕಿ ಬಾವಿಯೊಳಗೆ ಬಂತು. ಅವತ್ತಿಂದ ಬಾವಿ ಉಪ್ಪು. ಕ್ಯಾನ್ ತರಿಸಿ ಎಷ್ಟು ದಿನ ನಡೀತದೆ? ಬೇಸಿಗೆಯೊಳಗೆ ಸಿಹಿನೀರು ಸಿಗದಿದ್ರೆ ಮನೆಗೆ ಬೀಗ ಹಾಕಿ ಪೇಟೆಗೆ ಹೋಗೂದೇ."

ಅಮ್ಮನಿಗೆ ಅಷ್ಟೇ ಸಾಕಾಯಿತು. "ನಮ್ಮ ಬಾವ ಇದಾರಲ್ಲಮ್ಮ! ಕಾಯಿ ಹಿಡಿದ್ರೆ ಕಲ್ಲಲ್ಲೂ ನೀರು ತೋರಿಸ್ತಾರೆ."

ನೀರಿನ ವಿಷಯ ನನಗೆ ಗೊತ್ತಿಲ್ಲ. ಕಲ್ಲನ್ನಂತೂ ಅವರು ಬಹಳ ಜನರಿಗೆ ತೋರಿಸಿದ್ದಾರೆ.

ಮರುದಿನ ಬೆಳಿಗ್ಗೆ ನಾನು ದ್ವೀಪಕ್ಕೆ ಹೋಗಬೇಕಿತ್ತು. ದೋಣಿ ನಡೆಸುವವರು ಆ ಹೆಂಗಸಿನ ಗಂಡ. ಅವರೀಗ ಸಲಿಕೆ ಹಿಡಿದು ದೊಡ್ಡಪ್ಪನ ಹಿಂದೆ ಭಕ್ತಿಯಿಂದ ನಡೆಯುತ್ತಿದ್ದರು. ದ್ವೀಪ ಇದ್ದಲ್ಲೇ ಉಳಿಯಿತು.

ಕಾಯಿ ಮೆಟ್ಟಿಲ ಬಳಿಯೇ ಎದ್ದು ನಿಂತಿತು. ಕೋಳಿಗೂಡಿನ ಮುಂದೆ ನಿಂತಿತು. ಬಲೆ ಒಣಗಿಸುವ ಕಡೆಯೂ ನಿಂತಿತು. ಮಲಗಿಸಿದರೆ ಮತ್ತೆ ಎದ್ದಿತು. ನಾನು ಎಂ.ಎಸ್ಸಿ. ಓದಿದವಳು, ಕಾಯಿಯನ್ನು ನಂಬುವುದಿಲ್ಲ. ಆದರೆ ಮೂರು ಕಡೆ ಸಮುದ್ರವಿರುವ ಜಾಗದಲ್ಲಿ ನೀರಿದೆ ಎಂದು ಸಾರಿದ ಕಾಯಿಯ ಮೇಲೆ ತಪ್ಪು ಹೊರಿಸಲು ನನ್ನಿಂದಲೂ ಆಗಲಿಲ್ಲ.

"ಎಲ್ಲಾ ಕಡೆ ಐತಮ್ಮ!" ಅಂದರು ದೊಡ್ಡಪ್ಪ.

"ಇರೂದು ಗೊತ್ತು," ಅಂದರು ಮನೆಯ ಹೆಂಗಸು. "ಸಿಹಿ ಯಾವುದು, ಉಪ್ಪು ಯಾವುದು, ಅದು ಹೇಳಿ."

ಈ ಪ್ರಶ್ನೆಯನ್ನು ದೊಡ್ಡಪ್ಪನಿಗೆ ಯಾರೂ ಕೇಳಿರಲಿಲ್ಲ. ನಮ್ಮಲ್ಲಿ ನೀರು ಇರುತ್ತದೆ, ಇಲ್ಲವೇ ಇರುವುದಿಲ್ಲ. ಅದರ ಗುಣ ಫ್ಲೋರೈಡಿನಿಂದ ಹಲ್ಲು ಕಂದುಬಣ್ಣಕ್ಕೆ ತಿರುಗಿದ ಮೇಲೆ ತಿಳಿದರೂ ಆದೀತು. ಅವರು ಕಾಯಿಯನ್ನು ಕಂಕುಳಲ್ಲಿ ಇರುಕಿಕೊಂಡು ಸಮುದ್ರಕ್ಕೆ ಬೆನ್ನು ಹಾಕಿ ನಡೆದು, ಇನ್ನು ಮುಂದೆ ಹೋಗಲಾಗದ ಕಡೆ, ಬೆಟ್ಟದ ಬುಡದಲ್ಲಿ ನಿಂತರು. "ಇಲ್ಲಿ. ಬೋರ್ ಲಾರಿ ಕರೆಸಿ ಎಂಟುನೂರು ಅಡಿ ಹೊಡೆಸಿಬಿಡಿ."

"ಲಾರಿ ದೋಣಿ ಮೇಲೆ ಬರ್ತದ್ರಾ?" ಗಂಡ ಕೇಳಿದರು.

"ಎಂಟುನೂರಾ!" ಅಂದರು ಹೆಂಡತಿ. "ನಂಗೆ ನೀರು ಬೇಕು, ಪಾತಾಳ ಅಲ್ಲ." ಗಂಡನ ಕಡೆ ತಿರುಗಿದರು. "ನೀವು ಕೈಯಲ್ಲೇ ತೋಡಿ."

ಮಧ್ಯಾಹ್ನದ ಹೊತ್ತಿಗೆ ಗುಂಡಿ ಎದೆಮಟ್ಟಕ್ಕೆ ಇಳಿದಿತ್ತು. ಮರಳು ಒದ್ದೆಯಾಯಿತು, ಆಮೇಲೆ ನೀರು ಜಿನುಗಿತು. ಆ ಹೆಂಗಸು ಬೊಗಸೆಯಲ್ಲಿ ಎತ್ತಿ ಕುಡಿದು ಕಣ್ಣು ಮುಚ್ಚಿಕೊಂಡರು. "ಸಿಹಿ! ಸಾಕು, ನಿಲ್ಸಿ."

ಸಂತೋಷಪಡುವುದು ಬಿಟ್ಟು ದೊಡ್ಡಪ್ಪ ಅವಮಾನವಾದವರಂತೆ ಗುಂಡಿಯನ್ನು ನೋಡಿದರು. "ಇದೇನಮ್ಮಾ, ಇಷ್ಟಕ್ಕೇ ಬಂದ್ಬಿಡೋದಾ? ಇದು ಮೇಲ್ನೀರು, ನಿಲ್ಲಲ್ಲ. ಇನ್ನೊಂದಾಳುದ್ದ ಕೆಳಕ್ಕೆ ಹೋಗಣ."

"ಬೇಡ್ರಾ. ಇಲ್ಲಿ ಕೆಳಗೆ ಹೋದಷ್ಟೂ ಉಪ್ಪು."

ಆ ಹೆಂಗಸು ಅಡುಗೆ ಮಾಡಲು ಒಳಗೆ ಹೋದರು. ಗಂಡಸರಿಬ್ಬರೂ ಮುಖ ಮುಖ ನೋಡಿಕೊಂಡರು. "ಬೇಡ ಅಂದ್ರಲ್ಲ ದೊಡ್ಡಪ್ಪ," ಎಂದೆ. "ನೀನು ಸುಮ್ನಿರಮ್ಮ, ನಲವತ್ತು ವರ್ಷದಿಂದ ನೋಡ್ತಿದೀನಿ," ಎನ್ನುತ್ತಾ ಅವರೇ ಪಂಚೆ ಎತ್ತಿ ಕಟ್ಟಿ ಗುಂಡಿಗೆ ಇಳಿದರು. ನಲವತ್ತು ವರ್ಷಗಳಲ್ಲಿ ಅವರು ಸಮುದ್ರ ನೋಡಿದ್ದು ಹಿಂದಿನ ದಿನ.

ಆ ಹೆಂಗಸು ಹಿಂತಿರುಗಿ ಬಂದಾಗ ಗುಂಡಿಯಲ್ಲಿ ಮೊಣಕಾಲುದ್ದ ನೀರಿತ್ತು. ದೊಡ್ಡಪ್ಪ ಹೆಮ್ಮೆಯಿಂದ ಬಕೆಟ್ ತುಂಬಿಸಿ ಕೊಟ್ಟರು. ಆಕೆ ಬಾಯಿಗೆ ಹಾಕಿಕೊಂಡು, ಪಕ್ಕಕ್ಕೆ ಉಗಿದು, ಮಣ್ಣಿನ ಗುಡ್ಡೆಯ ಮೇಲೆ ಕುಳಿತುಬಿಟ್ಟರು. ಬೈಯಲಿಲ್ಲ. ಬೈದಿದ್ದರೆ ನಮಗೆ ಸುಲಭವಾಗುತ್ತಿತ್ತು.

ಕೊನೆಗೆ ಅಮ್ಮನೇ ಮಾತಾಡಿದರು. ಬಾವನ ಎದುರು ಅವರು ದನಿ ಎತ್ತಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. "ಸಾಕು ಅಂದಾಗ ಸಾಕು ಮಾಡಬೇಕು ಬಾವಾ. ಮನೆಗೆ ಬೀಗ ಹಾಕೋಳು ಆಯಮ್ಮ, ನೀವಲ್ಲ."

"ಹೆಚ್ಚು ತೋಡಿದ್ದನ್ನ ವಾಪಸ್ ತುಂಬ್ವಾ. ಮೇಲಿನ ನೀರು ತಿರುಗಿ ಬಂದ್ರೂ ಬರಬಹುದು," ಎಂದರು ಆಕೆಯ ಗಂಡ.

ಉಪ್ಪುನೀರು ಎತ್ತಿ ಹೊರಗೆ ಚೆಲ್ಲಿದೆವು. ತಳಕ್ಕೆ ಮರಳು ಸುರಿದೆವು. ಜೀವಮಾನವೆಲ್ಲ "ಇನ್ನೂ ಕೆಳಕ್ಕೆ" ಎಂದವರು ಬುಟ್ಟಿ ಬುಟ್ಟಿ ಮರಳು ಹೊತ್ತು ಭೂಮಿಯನ್ನು ಮೇಲಕ್ಕೆ ತರುತ್ತಿದ್ದರು. ನಾನೂ ಹೊತ್ತೆ. ನನ್ನ ಮೌನದ ಪ್ರವಾಸ ಹೀಗೆ ಕೊನೆಗೂ ನೆರವೇರಿತು. ಸಂಜೆವರೆಗೆ ಯಾರೂ ಮಾತಾಡಲಿಲ್ಲ.

ಬೆಳಿಗ್ಗೆ ನಾವು ಹೊರಡಬೇಕಿತ್ತು. ಬ್ಯಾಗುಗಳನ್ನು ಅಂಗಳದಲ್ಲಿಟ್ಟು ಎಲ್ಲರೂ ಗುಂಡಿಯ ಬಳಿ ಹೋದೆವು. ಆ ಹೆಂಗಸು ಚೊಂಬಿನಲ್ಲಿ ನೀರು ಮೊಗೆದು, ಒಂದು ಗುಟುಕು ಬಾಯಲ್ಲಿ ಹಿಡಿದುಕೊಂಡು ನಿಂತರು. ದೊಡ್ಡಪ್ಪ ಅವರ ಮುಖ ನೋಡಲಾರದೆ ಬೆಟ್ಟ ನೋಡುತ್ತಿದ್ದರು.

ಆಕೆ ನುಂಗಿದರು. ಇನ್ನೊಂದು ಗುಟುಕು ಕುಡಿದರು. ಚೊಂಬು ತುಂಬಿಸಿಕೊಂಡು ಮನೆಯ ಕಡೆ ನಡೆದವರು, ದೋಣಿ ಬಿಚ್ಚುತ್ತಿದ್ದ ಗಂಡನಿಗೆ ಕೇಳುವಂತೆ ಕೂಗಿದರು.

"ಇವರಿಗೆ ಚಾ ಆದ ಮೇಲೆ ದೋಣಿ ಬಿಡಿ. ಮತ್ತೆ ಬರುವಾಗ ಕ್ಯಾನ್ ತರಬೇಡಿ!"